ತಾರ್ಲೆಯ ಕಿವಿರು ತೋರಿಸಿದ ಉಪನ್ಯಾಸ

ಕಾರವಾರದಲ್ಲಿ ವಿಜ್ಞಾನದ ಉಪನ್ಯಾಸವೆಂದರೆ ಜನ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲೇ ಇದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಊರಿನಲ್ಲಿದೆ. ಹೇಳಬಲ್ಲವರಿಗೂ ಕೇಳುವ ಆಸೆಯುಳ್ಳವರಿಗೂ ಇಲ್ಲಿ ಕೊರತೆಯಿಲ್ಲ. ಆದರೆ ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಅಧ್ಯಕ್ಷರ ಮಾತು ಎಲ್ಲ ಮುಗಿದು ಉಪನ್ಯಾಸಕರು ಏಳುವ ಹೊತ್ತಿಗೆ ಸಭಿಕರು ದಣಿದಿರುತ್ತಾರೆ, ಪ್ರಶ್ನೆಗಳಿಗೆ ಉಳಿಯುವುದು ವಂದನಾರ್ಪಣೆಗೆ ಮುಂಚಿನ ಐದು ನಿಮಿಷ ಮಾತ್ರ.

ನಾನು ಕೇಳಿದವುಗಳಲ್ಲಿ ಇಂದಿಗೂ ನೆನಪಿರುವುದು ತಾರ್ಲೆ ಮೀನಿನ ಕುರಿತಾದ ಉಪನ್ಯಾಸ. ಉಪನ್ಯಾಸಕರು ಮೊದಲು ಪರದೆಯ ಕಡೆಗೆ ಹೋಗಲಿಲ್ಲ. ಒಂದು ತಾರ್ಲೆಯನ್ನು ಕೈಗೆತ್ತಿಕೊಂಡು, ಕತ್ತರಿಯಿಂದ ಅದರ ಕಿವಿರಿನ ಮುಚ್ಚಳ ಬಿಡಿಸಿ, ಒಳಗಿನ ಕಮಾನನ್ನು ಕಪ್ಪು ಕಾಗದದ ಮೇಲಿಟ್ಟು ಮುಂದಿನ ಸಾಲಿಗೆ ಕೊಟ್ಟರು. ಕಮಾನಿನ ಒಂದು ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ನಿಂತ ಎಳೆಗಳು ಕಂಡವು. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನೂ ಜೀವಿಗಳನ್ನೂ ತಾರ್ಲೆ ಸೋಸಿ ತಿನ್ನುವುದು ಇವುಗಳಿಂದಲೇ. ದಿನವೂ ಮೀನು ಹೆಚ್ಚುವ ಕೈಗಳು ಅದನ್ನು ಮೊದಲ ಬಾರಿಗೆ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದವು.

ಅಲ್ಲಿಂದ ಅವರು ಗಾಳಿಯ ಮಾತಿಗೆ ಬಂದರು. ಮಳೆಗಾಲದಲ್ಲಿ ಕರಾವಳಿಗುಂಟ ತೆಂಕಣಕ್ಕೆ ಬೀಸುವ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ; ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿ ಬರುತ್ತದೆ, ಬಿಸಿಲು ತಾಕಿದೊಡನೆ ಸೂಕ್ಷ್ಮ ಸಸ್ಯಗಳಾದ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ, ತಾರ್ಲೆಗೆ ಊಟ ಸಿಗುತ್ತದೆ. ಆಗಲೇ ಅದು ಮೊಟ್ಟೆಯಿಡುವ ಕಾಲವೂ ಹೌದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ ಏಕೆ ಎಂಬುದು ಸುತ್ತೋಲೆ ಓದಿದ್ದಕ್ಕಿಂತ ಹೆಚ್ಚಾಗಿ ಅಲ್ಲಿ ಸ್ಪಷ್ಟವಾಯಿತು.

ಆಗ ಮೀನು ಮಾರುವ ಅಕ್ಕ ಒಬ್ಬರು ಎದ್ದು, "ಸರ್, ಕೆಲವು ವರ್ಷ ತಾರ್ಲೆ ಬರುವುದೇ ಇಲ್ಲವಲ್ಲ, ಆ ವರ್ಷ ಗಾಳಿ ಬೀಸುವುದಿಲ್ಲವೇ?" ಎಂದು ಕೇಳಿದರು. ಗಾಳಿ ಕಡಿಮೆಯಾದರೆ ಆಹಾರ ಕಡಿಮೆ. ಕೆಳಗಿನ ನೀರು ತೀರಾ ಮೇಲೆ ಬಂದರೆ ಅದರಲ್ಲಿ ಆಮ್ಲಜನಕ ಕಡಿಮೆ, ಮೀನು ಅಲ್ಲಿ ನಿಲ್ಲುವುದಿಲ್ಲ. ಕಡಲು ಬೆಚ್ಚಗಾದ ಎಲ್ ನಿನೋ ವರ್ಷಗಳ ಕಥೆಯೇ ಬೇರೆ, ಹೀಗೆ ಕಾರಣಗಳು ಒಂದರೊಳಗೊಂದು ಸೇರಿಕೊಂಡಿವೆ ಎಂದು ಉಪನ್ಯಾಸಕರು ವಿವರಿಸಿದರು. ನನ್ನ ಅಭಿಪ್ರಾಯದಲ್ಲಿ ಆ ಸಂಜೆಯ ಅತ್ಯುತ್ತಮ ಭಾಗ ಆ ಪ್ರಶ್ನೆಯೇ.

ಘಟ್ಟದ ಮೇಲೆ ಶಿರಸಿಯಲ್ಲೂ ಇದೇ ಅನುಭವ. ಅಡಿಕೆಯ ಕೊಳೆರೋಗದ ಸೂಕ್ಷ್ಮಜೀವಿ ನೀರಿನ ತೆಳು ಪದರದಲ್ಲಿ ಈಜಿ ಕಾಯಿಗೆ ತಲುಪುತ್ತದೆ, ಆದ್ದರಿಂದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಮಳೆಗೆ ಮೊದಲೇ ಗೊನೆಯ ಮೇಲಿರಬೇಕು ಎಂದಾಗ ತೋಟದವರ ಪ್ರಶ್ನೆಗಳು ನಿಲ್ಲುವುದೇ ಇಲ್ಲ.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಉಪನ್ಯಾಸ ಅರ್ಧ ಗಂಟೆ, ಪ್ರಶ್ನೋತ್ತರ ಒಂದು ಗಂಟೆ ಇರಲಿ, ಅದೂ ದೋಣಿಗಳ ಮೀನು ಇಳಿಸಿ ಜನರಿಗೆ ಬಿಡುವಾಗುವ ಸಂಜೆಯ ಹೊತ್ತಿನಲ್ಲಿ.