ಎರಡು ಕ್ಯಾಪ್ಸೂಲ್ ಸಾಲ
14 ಸೆಪ್ಟೆಂಬರ್ 2023, ಗುರುವಾರ

ವಾರ್ಡ್‌ಗೆ ಬಂದು ಇವತ್ತಿಗೆ 41 ದಿನ. ಬೆಳಿಗ್ಗೆ ಐದೂವರೆಗೇ ಎಚ್ಚರ ಆಯ್ತು, ಕೆಮ್ಮಿಗಲ್ಲ, ಚಳಿಗೆ. ಟಿಬಿ ವಾರ್ಡಲ್ಲಿ ಗಾಳಿ ಆಡ್ತಿರ್ಬೇಕು, ಕಿಟಕಿ ಮುಚ್ಬಾರ್ದು, ಗೊತ್ತು, ಆದ್ರೆ ನನ್ನ ಪಕ್ಕದ ಕಿಟಕಿಗೆ ಮುಚ್ಚೋಣ ಅಂದ್ರೂ ರೆಕ್ಕೆನೇ ಇಲ್ಲ, ರಾತ್ರಿ ಮಳೆಗೆ ಅರ್ಧ ಹಾಸಿಗೆ ಒದ್ದೆ.

ಎಂಟಕ್ಕೆ ಸಿಸ್ಟರ್ ಮಾತ್ರೆ ತಂದ್ರು. "ಸೈಕ್ಲೋಸೆರಿನ್ ಸ್ಟಾಕ್ ಇಲ್ಲಪ್ಪ, ನಾಳೆ ನೋಡೋಣ." ನಿನ್ನೆನೂ ಇದೇ ಹೇಳಿದ್ರು. ಲಿನೆಜೋಲಿಡ್, ಕ್ಲೋಫಾಜಿಮಿನ್ ಕೂಡ ಎಣಿಸಿ ಎಣಿಸಿ ಕೊಡ್ತಿದಾರೆ. ಬೇರೆ ರಾಜ್ಯಗಳಲ್ಲೂ ಇದೇ ಗೋಳಂತೆ. ಪಾಪ ಸಿಸ್ಟರ್ ಏನ್ ಮಾಡ್ತಾರೆ, ಮಾತ್ರೆ ಬೇಕು ಅಂತ ಇಂಡೆಂಟ್ ಬರ್ದು ಕಳ್ಸಿ ಕಳ್ಸಿ ಅವರ ಪೆನ್ನೇ ಖಾಲಿ.

ಆದ್ರೆ ನಂಗೆ ಉರಿಯೋದು ಬೇರೆನೇ. ಜೀನ್ಎಕ್ಸ್‌ಪರ್ಟ್ ಅನ್ನೋ ಟಿಬಿ ಟೆಸ್ಟ್ ರಿಪೋರ್ಟಲ್ಲಿ, ಟಿಬಿಗೆ ಕೊಡೋ ಮುಖ್ಯ ಮದ್ದು ರಿಫಾಂಪಿಸಿನ್ ನಂಗೆ ಕೆಲಸ ಮಾಡಲ್ಲ ಅಂತ ಬಂದ ದಿನದಿಂದ ಎಲ್ರೂ ಕೇಳಿದ್ದು ಒಂದೇ, "ಮಧ್ಯದಲ್ಲಿ ಮಾತ್ರೆ ಬಿಟ್ಬಿಟ್ಯಾ?" ಅಲ್ಲ ಸ್ವಾಮಿ, ನಾನು ಟಿಬಿ ಮಾತ್ರೆ ಮುಖನೇ ನೋಡಿರ್ಲಿಲ್ಲ, ಯಾರೋ ಕೆಮ್ಮಿದ ಗಾಳಿಲಿ ಮದ್ದಿಗೆ ಬಗ್ಗದ ಕ್ರಿಮಿನೇ ನೇರವಾಗಿ ಬಂದು ಸೇರ್ಕೊಂಡಿದೆ, ಹಾಗೂ ಆಗುತ್ತೆ. ಆದ್ರೂ ದಿನಾ ಪಾಠ, ಒಂದು ಡೋಸೂ ತಪ್ಪಿಸ್ಬೇಡ, 18 ತಿಂಗಳು ತಪ್ಪಿಸ್ಬೇಡ ಅಂತ. ಈಗ ತಪ್ಪಿಸ್ತಿರೋದು ಯಾರು? ಅವರಿಗೆ ಪಾಠ ಹೇಳೋರ್ ಯಾರೂ ಇಲ್ವಾ?

ಬೆಡಾಕ್ವಿಲಿನ್ ಇದೆ, ಪುಣ್ಯ. ಸೋಮ, ಬುಧ, ಶುಕ್ರ ಎರಡೆರಡು, ಊಟದ ಜೊತೆ. ಅದಕ್ಕೆ ಇಸಿಜಿ ಮಾಡ್ತಿರ್ಬೇಕು, ಕ್ಯೂಟಿ ಅಂತೇನೋ ಹೃದಯದ ಬಡಿತದ ಅಳತೆ 500 ದಾಟ್ಬಾರ್ದಂತೆ. ನಿನ್ನೆ ಹೋದ್ರೆ ಇಸಿಜಿ ಪೇಪರ್ ಇಲ್ಲ. ಹೊರಗಿಂದ ತರ್ಸಿ ಅಂದ್ರು. ಮೊಟ್ಟೆ ಹಾಲಿಗೆ ಅಂತ ಸರ್ಕಾರದಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರ್ಬೇಕು, ಅದಿನ್ನೂ ಬಂದಿಲ್ಲ, ಪೇಪರ್ ಎಲ್ಲಿಂದ ತರ್ಸ್ಲಿ.

ಮಧ್ಯಾಹ್ನ ಅಮ್ಮ ವಿಡಿಯೋ ಕಾಲ್ ಮಾಡಿದ್ಲು. "ಯಾಕೋ ಹಿಂಗೆ ಕರ್ರಗಾಗಿದೀಯ?" ಕ್ಲೋಫಾಜಿಮಿನ್ ಕಣಮ್ಮ, ಬಣ್ಣ ತಿರುಗುತ್ತೆ, ಆಮೇಲೆ ನಿಧಾನಕ್ಕೆ ಹೋಗುತ್ತೆ ಅಂದೆ. ಅವಳ ತಾಪತ್ರಯನೇ ಬೇರೆ, ಮುಂದಿನ ವಾರ ಗಣೇಶನ ಹಬ್ಬ, ನೆಂಟರು ಬರ್ತಾರೆ, ಅವರಿಗೆಲ್ಲ ನಂಗೆ ಜಾಂಡಿಸ್ ಅಂತ ಹೇಳ್ಬಿಟ್ಟಿದಾಳೆ. ಜಾಂಡಿಸ್ ಆದ್ರೆ ಹಳದಿ ಆಗ್ಬೇಕಲ್ವಾ, ಫೋಟೋ ಗೀಟೋ ಹಾಕ್ಬೇಡ ಅಂತಾಳೆ! ಇಬ್ರಿಗೂ ನಗು ಬಂತು. ಕಾಲ್ ಕಟ್ ಆದ್ಮೇಲೆ ಸ್ವಲ್ಪ ಹೊತ್ತು ಮಗ್ಗುಲಾಗಿ ಮಲ್ಕೊಂಡೆ.

ಪಕ್ಕದ ಬೆಡ್ಡಿನ ತಾತನಿಗೆ ಇದು ಎರಡನೇ ಸಲ. ಹಿಂದಿನ ಸಲ ತಿಂಗಳುಗಟ್ಟಲೆ ಕನಾಮೈಸಿನ್ ಇಂಜೆಕ್ಷನ್ ಕೊಟ್ಟಿದ್ರಂತೆ, ಕಿವಿ ಹೋಯ್ತು. ನಂಗೆ ಇಂಜೆಕ್ಷನ್ ಇಲ್ಲ, ಬರೀ ಮಾತ್ರೆ. ಏನ್ ಹೇಳೋದಿದ್ರೂ ತಾತನಿಗೆ ಕೈಸನ್ನೆ ಮಾಡ್ಬೇಕು, ಅವನು ಮಾತ್ರ ಇಡೀ ವಾರ್ಡಿಗೆ ಕೇಳೋ ಹಾಗೆ ಉತ್ತರ ಕೊಡ್ತಾನೆ.

ಸಂಜೆ ನನ್ನ ಖಾಲಿ ಡಬ್ಬಿ ನೋಡ್ದ, ತನ್ನ ಡಬ್ಬಿ ತೆಗ್ದು ಸೈಕ್ಲೋಸೆರಿನ್ ಎರಡು ಎತ್ತಿ ನನ್ನ ಅಂಗೈಗೆ ಹಾಕ್ದ. ಬೇಡ ತಾತ, ನಿಂಗೇ ಕಮ್ಮಿ ಬೀಳುತ್ತೆ ಅಂತ ಕೈ ಆಡಿಸ್ದೆ. "ನಿಂದು ಬಂದಾಗ ವಾಪಸ್ ಕೊಡೋ!" ಅಂತ ಕಿರುಚ್ದ. ಸಿಸ್ಟರ್ ಬಾಗಿಲಲ್ಲೇ ಇದ್ರು, ಕೇಳಿಸ್ದೇ ಇರೋಕೆ ಸಾಧ್ಯನೇ ಇಲ್ಲ, ರಿಜಿಸ್ಟರಿಂದ ತಲೆ ಎತ್ತಲಿಲ್ಲ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಟೀ ಅಂಗಡಿ ಲೆಕ್ಕದ ಕೆಳಗೆ ಬರ್ಕೊಂಡಿದೀನಿ: ತಾತನಿಗೆ ಕ್ಯಾಪ್ಸೂಲ್ 2 ಬಾಕಿ.