ಮೋಟರ್ ಬ್ಯಾಡ, ನಮ್ಮ ರಬ್ಬರೇ ಇರ್ಲಿ

22 ಫೆಬ್ರವರಿ 2026, ರವಿವಾರ
ಅಕ್ಕಲಕೋಟ ತಾಲೂಕು

ಇವತ್ತ ಮುಂಜಾನಿ ಹೊಲಕ್ಕ ಬಂದ ಕೂಡ್ಲೆ ಮತ್ತ ಅದೇ ಮಾತು ಶುರು ಆತು, ಗ್ಲೈಡರಿನ ಮೂತಿಗೆ ಸಣ್ಣದೊಂದು ಎಲೆಕ್ಟ್ರಿಕ್ ಮೋಟರ್ ಕೂಡ್ಸಿಬಿಟ್ರ ಗ್ಲೈಡರನ್ನ ಮ್ಯಾಲಕ್ಕ ಎಳೆಯೋ ಈ ಗೂಟ, ರಬ್ಬರ್, ದಾರ ಯಾವುದೂ ಬೇಕಾಗಿಲ್ಲ, ಒಬ್ಬನೇ ಬಂದು ಒಬ್ಬನೇ ಹಾರ್ಸಿ ಮನೀಗೆ ಹೋಗಬಹುದು ಅಂತ. ನಮ್ಮ ಹುಡುಗ್ರು ಹೇಳೋದು ಸುಳ್ಳಲ್ಲ. ಆದ್ರ ಆ ಒಬ್ಬನೇ ಬಂದು ಒಬ್ಬನೇ ಹೋಗೋದೇ ನನಗ ಬ್ಯಾಡಾಗಿರೋದು. ಗಾಳಿ ಛಲೋ ಬಿಟ್ಟಿತ್ತು, ಎಲ್ಲಾರೂ ಕೆಲಸಕ್ಕ ಹತ್ತಿದ್ರು, ಅಲ್ಲಿ ಪೂರಾ ಹೇಳ್ಲಿಕ್ಕೆ ಆಗ್ಲಿಲ್ಲ, ಅದಕ್ಕ ಈಗ ರಾತ್ರಿ ಕೂತು ಬರೀಲಿಕ್ಕತ್ತೀನಿ.

ಹೊಸದಾಗಿ ಓದೋರಿಗೆ ಸ್ವಲ್ಪ ಹೇಳ್ತೀನಿ. ನಮ್ಮವು ರಿಮೋಟಿನ ಗ್ಲೈಡರ್, ಅಂದ್ರ ಎಂಜಿನ್ ಇಲ್ದ ಸಣ್ಣ ವಿಮಾನ, ಬಾಲ್ಸಾ ಕಟ್ಟಿಗಿಯವು, ರೆಕ್ಕಿ ಈ ತುದಿಯಿಂದ ಆ ತುದಿಗೆ ಒಂದೂವರಿ ಮೀಟರ್, ತೂಕ ಅರ್ಧ ಕಿಲೋ ಆಜೂಬಾಜೂ. ಸೊಲ್ಲಾಪುರದಾಗ ಹಾರ್ಸೋದು ಸರಿ ಅಲ್ಲ, 2025ರ ಜೂನಿನಿಂದ ಅಲ್ಲಿಂದ ಗೋವಾಕ್ಕ ಪ್ರಯಾಣಿಕರ ವಿಮಾನ ಹೊಂಟಾವ. 2021ರ ಡ್ರೋನ್ ನಿಯಮದ ಪ್ರಕಾರ ಏರ್ಪೋರ್ಟಿನಿಂದ 12 ಕಿಲೋಮೀಟರ್ ದಾಟಿ ಹಸಿರು ವಲಯಕ್ಕ ಬಂದ್ರ 400 ಅಡಿ ತನಕ ಅಡ್ಡಿ ಇಲ್ಲ, ಹಂಗಾಗಿ ನಾವು ಈ ಕಡಿ, ಜ್ವಾಳದ ರಾಶಿ ಆಗಿ ಖಾಲಿ ಬಿದ್ದ ಹೊಲಕ್ಕ ಬರ್ತೀವಿ. ಹೊಲದವ್ರಿಗೆ ಮೊದ್ಲೇ ಕೇಳ್ಕೊಂಡಿರ್ತೀವಿ.

ಇವತ್ತ ಜಿಲ್ಲಾ ಪರಿಷದ್ ಕನ್ನಡ ಶಾಳಿ ಹುಡುಗ್ರು ಬಂದಿದ್ರು. ಅವ್ರಿಗೆ ಮೊದಲ ಕೆಲಸ ಜಾಲಿ ಮುಳ್ಳು ಆರ್ಸೋದು. ರಬ್ಬರ್ ಹಾಸೋ ಪಟ್ಟಿಯೊಳಗ ಒಂದ್ ಮುಳ್ಳು ಉಳಿದ್ರೂ ಲೇಟೆಕ್ಸ್ ನಳಿಗೆ ತೂತು ಬೀಳ್ತದ, ಎಳಿದಾಗ ಅಲ್ಲೇ ಹರೀತದ, ಹರಿದ ತುದಿ ಬಂದು ಮಾರಿಗೇ ಬಡೀತದ. ಹದಿನೈದು ಮೀಟರ್ ರಬ್ಬರ್ ನಳಿ, ಅದರ ಒಂದ್ ತುದಿ ಗೂಟಕ್ಕ, ಇನ್ನೊಂದ್ ತುದಿಗೆ ಅರವತ್ತು ಮೀಟರ್ ನೈಲಾನ್ ದಾರ, ದಾರದ ಕೊನಿಗೆ ಸಣ್ಣ ಪ್ಯಾರಾಶೂಟು ಮತ್ತ ಕಬ್ಬಿಣದ ಉಂಗರ. ಗೂಟ ಗಾಳಿ ಬರೋ ದಿಕ್ಕಿಗೆ ಬಡೀಬೇಕು, ಎರಿ ಮಣ್ಣಿನಾಗ ಮ್ಯಾಲ ಮ್ಯಾಲ ಬಡಿದ್ರ ಕಿತ್ತು ಬರ್ತದ, ಅದಕ್ಕ ಒಬ್ರು ಗೂಟದ ಹತ್ತಿರ ನಿಂತು ಅದನ್ನೇ ನೋಡ್ತಿರ್ತಾರ. ಎಷ್ಟು ಎಳೀಬೇಕು ಅನ್ನೋದು ಅಂದಾಜಿನ ಮ್ಯಾಲ ಅಲ್ಲ, ಸ್ಪ್ರಿಂಗ್ ತಕ್ಕಡಿ ಹಚ್ಚಿ ನೋಡ್ತೀವಿ, ಗ್ಲೈಡರಿನ ತೂಕದ ನಾಕು ಪಟ್ಟು ಅಂದ್ರ ಎರಡು ಕಿಲೋ ಬಂತಂದ್ರ ಸಾಕು.

ಆಮ್ಯಾಲ ಉಂಗರ ಗ್ಲೈಡರಿನ ಹೊಟ್ಟಿ ಕೆಳಗಿನ ಹುಕ್ಕಿಗೆ ಹಾಕಿ, ರೆಕ್ಕಿ ಸಮ ಹಿಡಿದು, ಮೂತಿ ಸ್ವಲ್ಪೇ ಮ್ಯಾಲ ಮಾಡಿ ನೆಟ್ಟಗ ಬಿಡಬೇಕು. ಮ್ಯಾಲಕ್ಕ ಒಗೀಬಾರ್ದು, ಏರಿಸೋ ಕೆಲಸ ರಬ್ಬರಿಂದು. ಗಾಳಿಪಟದಂಗ ಏರ್ತದ, ತುದಿಗೆ ಹೋದಾಗ ದಾರ ಸಡ್ಲ ಆಗಿ ಉಂಗರ ತಾನೇ ಜಾರ್ತದ, ಪ್ಯಾರಾಶೂಟು ಬಿಚ್ಚಿ ದಾರ ಕೆಳಗ ಬರ್ತದ, ಹುಡುಗ್ರು ಹೋ ಅಂತ ಅದರ ಹಿಂದ ಓಡ್ತಾವ. ಅಷ್ಟೊತ್ತಿಗೆ ಗ್ಲೈಡರ್ ಸುಮಾರು ಅರವತ್ತು ಮೀಟರ್ ಮ್ಯಾಲ. ಕಾದ ನೆಲದಿಂದ ಮ್ಯಾಲೇಳೋ ಏರುಗಾಳಿ ಸಿಗ್ಲಿಲ್ಲ ಅಂದ್ರ ಎರಡು ಮಿನಿಟಿನಾಗ ನೆಲಕ್ಕ ಬರ್ತದ.

ಮೋಟರಿನ ಮಾತು ಬಂದಾಗೆಲ್ಲ ನಾ ಹೇಳೋದು ಇದನ್ನೇ. ಆ ಎರಡು ಮಿನಿಟಿನಾಗ ಎಲ್ಲಾರ ಕಣ್ಣೂ ಆಕಾಶ ಓದಬೇಕು. ಎಲ್ಲಿ ಹದ್ದು ರೆಕ್ಕಿ ಬಡೀದಂಗ ಸುತ್ತಲಿಕ್ಕತ್ತದ, ಎಲ್ಲಿ ಸುಳಿಗಾಳಿ ಎದ್ದು ಹೊಟ್ಟು ಹಾರಿಸ್ತು, ಯಾವ ಹೊಲ ಕಾದು ಕೂತದ. ಇವತ್ತ ಹತ್ತೂವರಿ ಹೊತ್ತಿಗೆ ಒಂದ್ ಸಣ್ಣ ಹುಡುಗಿ, ಐದನೇತ್ತಿ ಇರಬೇಕು, “ಕಾಕಾ, ಎಡಗಡಿ ರೆಕ್ಕಿ ಎತ್ತಿತು!” ಅಂತ ಒದರಿದ್ಲು. ಖರೇನ ಎತ್ತಿತ್ತು. ಎತ್ತಿದ ರೆಕ್ಕಿ ಕಡೀಗೇ ಏರುಗಾಳಿ ಇರ್ತದ, ರಿಮೋಟ್ ಹಿಡಿದಿದ್ದ ಕಾಕಾ ಆ ಕಡೀಗೆ ತಿರುವಿದ್ರು, ಸುತ್ತು ಹಾಕ್ಕೋತ ಹಾಕ್ಕೋತ ಏರೇ ಏರಿತು, 350 ಅಡಿ ಅಂತ ಕೈಯಾಗಿನ ರಿಮೋಟ್ ಒದರಿದ ಮ್ಯಾಲ ಅದರಿಂದ ಹೊರಗ ತಂದು ಇಳಿಸಿದ್ರು. ಆ ಹುಡುಗಿ ಕೈಯಾಗ ರಿಮೋಟೂ ಇರ್ಲಿಲ್ಲ, ಏನೂ ಇರ್ಲಿಲ್ಲ, ಆದ್ರ ಅದನ್ನ ಹಾರಿಸಿದಾಕಿ ಆಕೀನೇ ಅಂತೀನಿ ನಾ.

ಕಾಕಾ ಅಂದ್ರ ನಮ್ಮ ಕ್ಲಬ್ಬಿನ ಹಿರೇರು, ಹರೇದಾಗ ಪುಣೆ ಹತ್ರ ಹಡಪಸರದಾಗ ಮನುಷ್ಯಾರು ಕೂಡೋ ಗ್ಲೈಡರ್ ಕಲಿತವ್ರು, ರೋಹಿಣಿ ಅನ್ನೋದ್ರಾಗ. ನಮ್ಮ ದೇಶದ್ದೇ ಡಿಸೈನು, 1961ರಾಗ ಮೊದಲ ಸಲ ಹಾರಿದ್ದು, ಕಲಿಸವ್ರು ಕಲಿಯವ್ರು ಬಾಜೂಬಾಜೂ ಕೂಡ್ತಿದ್ರು. ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ, ಎಲ್ಲಾ ನಕ್ಷತ್ರದ ಹೆಸರೇ ಇಟ್ಟಿದ್ರು. ರೋಹಿಣಿ ಅಂದ ಕೂಡ್ಲೆ ನಮ್ಮ ಹುಡುಗ್ರು “ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ” ಅಂದ್ವು, ಕಾಕಾಗ ಭಾಳ ಖುಷಿ ಆತು. ಅಲ್ಲಿ ಕೇಬಲ್ ಸುತ್ತಿ ಗ್ಲೈಡರ್ ಎಳೆಯೋ ವಿಂಚಿನ ಹತ್ರ ಒಬ್ರು, ರೆಕ್ಕಿ ತುದಿ ಹಿಡ್ಯಾಕ ಒಬ್ರು, ಸಿಗ್ನಲ್ ಕೊಡಾಕ ಒಬ್ರು, ಕೇಬಲ್ ಎಳಕೊಂಡು ಬರಾಕ ಒಬ್ರು, ಟೈಮ್ ಬರ್ಕೊಳ್ಳಾಕ ಒಬ್ರು. ಮ್ಯಾಲ ಹೋಗಿ ಬಂದಾವ ಇಳಿದು ಮತ್ತ ರೆಕ್ಕಿ ಹಿಡೀತಿದ್ದ. ದಿನಪೂರ್ತಿ ಬಿಸಿಲಾಗ ನಿಂತು, ಸಿಗೋದು ಕೆಲವೇ ಮಿನಿಟಿನ ಹಾರಾಟ, ಆದ್ರೂ ಯಾರೂ ಬ್ಯಾಸರ ಮಾಡ್ಕೋತಿರ್ಲಿಲ್ಲ ಅಂತ ಹೇಳಿದ್ರು ಕಾಕಾ.

ಮಧ್ಯಾಹ್ನ ಒಂದ್ ಗ್ಲೈಡರ್ ಕಬ್ಬಿನಾಗ ಬಿತ್ತು. ಆಳೆತ್ತರ ಕಬ್ಬು, ಒಳಗ ಹೊಕ್ಕ್ರ ದಿಕ್ಕೇ ತಿಳ್ಯಾಂಗಿಲ್ಲ. ಇದಕ್ಕೊಂದು ರೀತಿ ಅದ, ಬಿದ್ದದ್ದು ನೋಡ್ದವ್ರು ಇದ್ದ ಜಾಗಾ ಬಿಡಬಾರ್ದು, ಕೈ ಚಾಚಿ ದೂರದ ಒಂದ್ ಗಿಡ ಗುರ್ತಾ ಇಟ್ಕೊಂಡು ಹಂಗೇ ನಿಲ್ಲಬೇಕು, ಬ್ಯಾರೆ ಕಡಿ ನಿಂತಾವನೂ ಹಂಗೇ, ಹುಡುಕಾವ ಇಬ್ಬರ ಗೆರಿ ಕೂಡೋ ಕಡಿ ಹೋಗಬೇಕು. ಇಬ್ರು ಹುಡುಗ್ರು ಬಿಸಿಲಾಗ ಕೈ ಇಳಿಸದಂಗ ನಿಂತ್ರು ನೋಡ್ರಿ, ಒಂದ್ ಗಳ ಮುರೀದಂಗ ಗ್ಲೈಡರ್ ಸಿಕ್ತು. ಕಬ್ಬಿನ ಹೊಲದ ಅಜ್ಜಾರಿಗೆ ತೋರ್ಸಿ ಬಂದ್ವಿ, ಅವ್ರೂ ಒಂದ್ ತಾಸು ನಮ್ಮ ಕೂಡೇ ಕೂತ್ರು.

ಮೋಟರ್ ಬೇಕನ್ನೋರು ತಮ್ಮದಕ್ಕ ಹಾಕ್ಕೊಳ್ಳಿ, ನನ್ನ ತಕರಾರಿಲ್ಲ. ಕ್ಲಬ್ಬಿನ ರಕ್ಕಮು ಮಾತ್ರ ಹೊಸಾ ರಬ್ಬರಿಗೇ ಹೋಗ್ಲಿ ಅಂತ ಸಂಜಿಗೆ ಹೇಳಿದೆ, ಈಗಿಂದು ಬಿಸಿಲಿಗೆ ಅಲ್ಲಲ್ಲಿ ಬಿರಿತದ. ಕಾಕಾ ಹೂಂ ಅಂದಾರ, ಉಳಿದವ್ರು ಮುಂದಿನ ರವಿವಾರ ಹೇಳ್ತಾರಂತ. ಅಲ್ಲಿ ತನಕ ಇದ್ದದ್ದನ್ನೇ ತೊಳೆದು, ನೆರಳಾಗ ಒಣಗ್ಸಿ, ಪಾವಡರ್ ಹಚ್ಚಿ ಡಬ್ಬಿಯೊಳಗ ಇಟ್ಟೀನಿ. ಬರೋರು ಟೊಪಗಿ, ನೀರು ತರ್ರಿ, ಕಾಲಾಗ ಬೂಟು ಇರ್ಲಿ, ಏಳೂವರಿಗೆ ಗೂಟ ಬಡೀತೀವಿ.