ಹಡಗಿನ ಪಟ್ಟಿಲಿ ಮುತ್ತಜ್ಜನ್ನ ಹುಡುಕಿದ್ದು

ನನ್ನ ಫ್ರೆಂಡ್ ಒಬ್ಳು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿ ಬೆಳೆದವ್ಳು. ಅವಳ ಮುತ್ತಜ್ಜ ಮದ್ರಾಸಿಂದ ಹಡಗು ಹತ್ತಿ ನೇಟಾಲ್‌ಗೆ (ಡರ್ಬನ್ ಇರೋ ಸೀಮೆ, ಆಗ ಬ್ರಿಟಿಷರ ವಸಾಹತು) ಕಬ್ಬಿನ ತೋಟದ ಕೂಲಿಗೆ ಹೋದೋರು, ಮನೇಲಿ ಎಲ್ರಿಗೂ ಗೊತ್ತಿರೋದು ಅಷ್ಟೇ. ಯಾವೂರು, ಯಾವ ವರ್ಷ, ಏನೂ ಗೊತ್ತಿಲ್ಲ. ಎರಡು ತಿಂಗಳಿಂದ ನಾವಿಬ್ರೂ ಸೇರಿ ಹುಡುಕ್ತಾ ಇದೀವಿ.

ಹಿಂಗೆ ಕೂಲಿಯೋರನ್ನ ನೇಟಾಲ್‌ಗೆ ಕರ್ಕೊಂಡು ಹೋದ ಮೊದಲ್ನೇ ಹಡಗು ಟ್ರೂರೋ, ಮದ್ರಾಸಿಂದ ಹೊರಟು 1860ರ ನವೆಂಬರ್ 16ಕ್ಕೆ ಡರ್ಬನ್ ಸೇರ್ತು. ಅಲ್ಲಿಂದ 1911ರ ತನಕ ಹಿಂಗೆ ಕರಾರು ಮೇಲೆ ಹೋದೋರು ಒಂದೂವರೆ ಲಕ್ಷಕ್ಕೂ ಜಾಸ್ತಿ, ಹಡಗಿನ ಪಟ್ಟಿಲಿ ಒಬ್ಬೊಬ್ರಿಗೂ ಒಂದು ನಂಬರು, ಆ ನಂಬರಿನ ಮುಂದೆ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ. (ಸ್ವಂತ ದುಡ್ಡಲ್ಲಿ ಟಿಕೆಟ್ ತಗೊಂಡು ಹೋದ ವ್ಯಾಪಾರಿಗಳು ಈ ಪಟ್ಟಿಲಿ ಇರಲ್ಲ, ನಿಮ್ಮೋರು ಅಂಥೋರಾಗಿದ್ರೆ ಇಲ್ಲಿ ಹುಡುಕ್ಬೇಡಿ.)

ನಾವು ಮಾಡಿದ ತಪ್ಪು ಹೆಸರಿಂದ ಶುರು ಮಾಡಿದ್ದು. ಇವತ್ತು ಅವ್ರ ಮನೆತನದ ಸರ್‌ನೇಮ್ ಆಗಿರೋದು ಆ ಮುತ್ತಜ್ಜನ ಸ್ವಂತ ಹೆಸರು, ಆ ಹೆಸರಿನೋರು ಪಟ್ಟಿ ತುಂಬಾ ಇದಾರೆ, ಗುಮಾಸ್ತ ಕಿವಿಗೆ ಕೇಳ್ದಂಗೆ ಬರ್ಕೊಂಡಿರೋದ್ರಿಂದ ಸ್ಪೆಲ್ಲಿಂಗೂ ಒಂದೊಂದು ಕಡೆ ಒಂದೊಂದು ಥರ. ಮೂರು ವಾರ ಹಂಗೇ ಹೋಯ್ತು. ಆಮೇಲೆ ಅವಳ ಅತ್ತೆ ಪೆಟ್ಟಿಗೇಲಿ ಮುತ್ತಜ್ಜನ ಹಳೇ ಮದ್ವೆ ಸರ್ಟಿಫಿಕೇಟ್ ಸಿಕ್ತು, ಅದ್ರಲ್ಲಿ ಗಂಡ ಹೆಂಡ್ತಿ ಇಬ್ರದ್ದೂ ನಂಬರ್ ಇತ್ತು. ಹೆಂಡ್ತಿ ನಂಬರಿನ ಕೊನೇ ಅಂಕಿ ಮಾತ್ರ ಮಸಿ ಹರಡಿ ಅಳಿಸಿಹೋಗಿತ್ತು. ಮುತ್ತಜ್ಜನ ನಂಬರ್ ಹಾಕಿದ ತಕ್ಷಣ ಸಿಕ್ಬಿಟ್ರು, ವಯಸ್ಸು 22, ಜಿಲ್ಲೆ ಮೈಸೂರು.

ಹಳ್ಳಿ ಹೆಸರು ಓದಿ ಅವ್ಳಿಗೆ ಏನೂ ಹೊಳೀಲಿಲ್ಲ, ಕೊನೇಲಿ "ಹುಲ್ಲಿ" ಅಂತಿದೆ, ಇದ್ಯಾವ ಊರು ಅಂದ್ಲು. ನಾನು ಎರಡ್ಮೂರು ಸಲ ಜೋರಾಗಿ ಓದಿದೆ. ಆ ಕಾಲದ ಇಂಗ್ಲಿಷ್‌ನೋರು ನಮ್ಮ ಅಕಾರಕ್ಕೆ ಯು ಅಕ್ಷರ ಬರೀತಿದ್ರು, ಅದು ಹುಲ್ಲಿ ಅಲ್ಲ, ಹಳ್ಳಿ! ಕಣ್ಣಲ್ಲಿ ಓದಿದ್ರೆ ಸಿಗದ ಊರು ಬಾಯಲ್ಲಿ ಹೇಳ್ದಾಗ ಸಿಕ್ತು, ನಂಗೆ ಮೈ ಜುಮ್ಮಂತು.

ಆಮೇಲೆ ಅದೇ ಪುಟದಲ್ಲಿ ಕೆಳಗಿನ ಸಾಲು ನೋಡಿದ್ವಿ. ಮುಂದಿನ ನಂಬರು, ಒಬ್ಳು ಹೆಣ್ಣು, 19 ವರ್ಷ, ಅದೇ ಠಾಣೆ, ಅದೇ ಹಳ್ಳಿ. ಆ ಅಳಿಸಿಹೋದ ಅಂಕಿ ಬಿಟ್ರೆ ಮಿಕ್ಕಿದ್ದೆಲ್ಲಾ ಸರ್ಟಿಫಿಕೇಟಲ್ಲಿದ್ದ ಹೆಂಡ್ತಿ ನಂಬರೇ. ಮನೇಲಿ ಇಷ್ಟು ವರ್ಷ ಮುತ್ತಜ್ಜಿ ನೇಟಾಲ್‌ನಲ್ಲೇ ಹುಟ್ಟಿದವ್ರು, ತೋಟದಲ್ಲಿ ಪರಿಚಯ ಆಗಿ ಮದ್ವೆ ಆದ್ರು ಅಂತಿದ್ರು. ಇಬ್ರೂ ಒಂದೇ ಊರಿಂದ ಒಟ್ಟಿಗೇ ಹಡಗು ಹತ್ತಿದ್ರು ಅಂತಲೇ ನಂಗೆ ಅನ್ಸುತ್ತೆ. ಫೋನಲ್ಲಿ ಅವ್ಳು ಸುಮಾರು ಹೊತ್ತು ಮಾತೇ ಆಡ್ಲಿಲ್ಲ.

ಅದೇ ಹಡಗಲ್ಲಿ ಅದೇ ಠಾಣೆಯೋರು ಇನ್ನೂ ಏಳು ಜನ ಇದಾರೆ. ಈ ವಾರ ಅವ್ರ ನಂಬರೆಲ್ಲಾ ಬರ್ಕೊಳ್ತಾ ಇದೀವಿ.